ನಡುವೆ ನಿಂತ ಮಗು
ತಂದೆತಾಯಿ ಬೇರೆಯಾದಾಗ ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತದೆ? ನಮ್ಮ ಕರ್ತವ್ಯವೇನು?



ಪಾಲಹಳ್ಳಿಯ ಕಡೆ ನಾನು ಸೇವೆಯಲ್ಲಿದ್ದ ಒಂದು ವರ್ಷ, ಪ್ರಥಮ ಪರಮಪ್ರಸಾದದ ತರಗತಿಗೆ ಒಬ್ಬ ಹುಡುಗ ಒಂದು ದಿನವೂ ತಪ್ಪದೆ ಬರುತ್ತಿದ್ದ. ಒಂಬತ್ತು ವರ್ಷದವನು. ಜಪಗಳೆಲ್ಲ ಬಾಯಿಪಾಠವಾಗಿದ್ದವು. ಇನ್ನೆರಡು ವಾರವಿದೆ ಎನ್ನುವಾಗ ತಾನಾಗಿ ನನ್ನ ಬಳಿ ಬಂದು, "ಈ ಸಲ ಬೇಡ ಫಾದರ್, ಮುಂದಿನ ವರ್ಷ ತಗೋತೀನಿ" ಎಂದ. ಕಾರಣ ಕೇಳಿದೆ. ತಲೆ ತಗ್ಗಿಸಿ ನಿಂತ. ಹೊಸ ಬಟ್ಟೆಯ ವಿಷಯದಲ್ಲಿ ಏನೋ ಹಠವಿರಬೇಕೆಂದು ಭಾವಿಸಿ, ದೇವರ ಕಾರ್ಯದಲ್ಲಿ ಹುಡುಗಾಟ ಸಲ್ಲದು ಎಂದು ನಾನು ಗದರಿ ಕಳುಹಿಸಿದೆ.

ಎರಡು ದಿನದ ನಂತರ ಅವನ ಅಜ್ಜಿ ಬಂದರು. "ಅವರಪ್ಪನೂ ಬರ್ತಾನೆ, ನನ್ನ ಮಗಳೂ ಇರ್ತಾಳೆ ಸ್ವಾಮಿ. ಹೋದ ಕ್ರಿಸ್‌ಮಸ್‌ನಲ್ಲಿ ಗುಡಿ ಬಾಗಿಲಲ್ಲೇ ಇಬ್ಬರೂ ಜಗಳ ಆಡಿದ್ರು, ಜನ ಎಲ್ಲ ನಿಂತು ನೋಡಿದ್ರು. ಈ ಸಲವೂ ಹಂಗೇ ಆಗ್ತದೆ ಅಂತ ಮಗೀಗೆ ಭಯ" ಎಂದರು. ಆಗ ನನಗೆ ಅರಿವಾಯಿತು. ತಂದೆ ಮೈಸೂರಿನಲ್ಲಿ, ತಾಯಿ ತವರುಮನೆಯಲ್ಲಿ. ಇಬ್ಬರನ್ನೂ ಒಂದೇ ಕಡೆ ಸೇರಿಸಬಾರದೆಂದು ಆ ಮಗು ತನ್ನ ಪರಮಪ್ರಸಾದವನ್ನೇ ಬಿಟ್ಟುಕೊಡಲು ಸಿದ್ಧವಾಗಿತ್ತು. ಅದನ್ನು ಹೇಳಿಕೊಳ್ಳಲು ಅವನಿಗೆ ಮಾತು ಸಿಗಲಿಲ್ಲ, ಕೇಳಿಸಿಕೊಳ್ಳಲು ನನಗೆ ತಾಳ್ಮೆ ಇರಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಂಥ ಮಕ್ಕಳು ಇಂದು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ.

ಶುಭಸಂದೇಶದಲ್ಲಿ ಒಂದು ಕ್ರಮ

ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ತೆರೆದು ನೋಡಿರಿ. ಫರಿಸಾಯರು ಬಂದು ವಿವಾಹ ವಿಚ್ಛೇದನದ ವಿಷಯವಾಗಿ ಯೇಸುಸ್ವಾಮಿಯನ್ನು ಪ್ರಶ್ನಿಸುತ್ತಾರೆ. ಯೇಸು ಸೃಷ್ಟಿಯ ಆದಿಗೆ ಹೋಗಿ, ದೇವರು ಕೂಡಿಸಿದ್ದನ್ನು ಮಾನವರು ಅಗಲಿಸಬಾರದೆಂದು ಬೋಧಿಸುತ್ತಾರೆ. ವಿವಾಹದ ಪ್ರವಚನಗಳಲ್ಲಿ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತೇವೆ. ಆದರೆ ಆ ಚರ್ಚೆಯ ಬೆನ್ನಿಗೇ ಜನರು ಚಿಕ್ಕಮಕ್ಕಳನ್ನು ಕರೆತರುತ್ತಾರೆ. ಶಿಷ್ಯರು ಗದರಿಸುತ್ತಾರೆ. ಯೇಸು ಕೋಪಗೊಂಡು, ಮಕ್ಕಳನ್ನು ತಡೆಯಬೇಡಿರೆಂದು ಹೇಳಿ, ಅವರನ್ನು ಅಪ್ಪಿಕೊಂಡು ಆಶೀರ್ವದಿಸುತ್ತಾರೆ. ಸಂತ ಮತ್ತಾಯನ 19ನೇ ಅಧ್ಯಾಯದಲ್ಲೂ ಇದೇ ಕ್ರಮವಿದೆ: ಮೊದಲು ವಿಚ್ಛೇದನದ ಚರ್ಚೆ, ಅದರ ಬೆನ್ನಿಗೇ ಮಕ್ಕಳು.

ಹಿರಿಯರು ಸರಿ ಯಾವುದು, ತಪ್ಪು ಯಾವುದು ಎಂದು ವಾದಿಸುತ್ತಿರುವಾಗ ಮಕ್ಕಳು ಬಂದು ನಿಲ್ಲುತ್ತಾರೆ. ದೊಡ್ಡವರ ಮಾತಿನ ನಡುವೆ ಅವರಿಗೇನು ಕೆಲಸ ಎಂದು ನಾವು ಅವರನ್ನು ಹಿಂದಕ್ಕೆ ತಳ್ಳುತ್ತೇವೆ. ಆ ಹುಡುಗನನ್ನು ಗದರಿದ ದಿನ ನಾನು ನಿಂತದ್ದು ಆ ಶಿಷ್ಯರ ಸಾಲಿನಲ್ಲಿ. ಈ ವಾರದ ಪಾಠ ಇಷ್ಟೇ: ದಾಂಪತ್ಯ ಮುರಿದರೂ ತಂದೆತನ, ತಾಯ್ತನ ಮುರಿಯುವುದಿಲ್ಲ. ದೊಡ್ಡವರ ಜಗಳದ ಹೊರೆಯನ್ನು ಮಗುವಿನ ಹೆಗಲಿನಿಂದ ಇಳಿಸುವುದು ತಂದೆತಾಯಿಯ ಕರ್ತವ್ಯ, ನಮ್ಮೆಲ್ಲರ ಕರ್ತವ್ಯವೂ ಹೌದು.

ನಮ್ಮಲ್ಲಿ ಮನೆಗಳು ಒಡೆಯುವ ಬಗೆ

ವಿಚ್ಛೇದನವೆಂದರೆ ಬೆಂಗಳೂರಿನ ಸಂಗತಿ, ನಮ್ಮ ಶ್ರೀರಂಗಪಟ್ಟಣ, ಪಾಂಡವಪುರದ ಹಳ್ಳಿಗಳಿಗೆ ಸಂಬಂಧಿಸಿದ್ದಲ್ಲ ಎನ್ನುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದಿತರೆಂದು ದಾಖಲಾದವರು ಸುಮಾರು 13.6 ಲಕ್ಷ ಮಂದಿ. ಆದರೆ ವಿಚ್ಛೇದನವಿಲ್ಲದೆ ಬೇರೆಯಾಗಿ ಬಾಳುತ್ತಿರುವವರ ಸಂಖ್ಯೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ನಮ್ಮ ಊರುಗಳ ಕಥೆ ಈ ಎರಡನೆಯ ಲೆಕ್ಕದಲ್ಲಿದೆ. ಕೋರ್ಟಿಲ್ಲ, ಕಾಗದವಿಲ್ಲ. ಒಂದು ದಿನ ಜಗಳವಾಗುತ್ತದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುತ್ತಾಳೆ. ಹಬ್ಬ ಮುಗಿಸಿಕೊಂಡು ಹೋಗುತ್ತಾಳೆ ಎಂದು ಮನೆಯವರು ಹೇಳುತ್ತಾರೆ. ಹಬ್ಬ ಹೋಗುತ್ತದೆ, ಕಬ್ಬು ಕಡಿದು ಮುಗಿಯುತ್ತದೆ, ಶಾಲೆ ತೆರೆಯುತ್ತದೆ, ಮಗುವಿನ ಹೆಸರು ಹೊಸ ಶಾಲೆಗೆ ಸೇರುತ್ತದೆ. ಏನಾಯಿತೆಂದು ಮಗುವಿಗೆ ಯಾರೂ ಹೇಳುವುದಿಲ್ಲ.

ಕೋರ್ಟಿಗೆ ಹೋದವರ ಕಷ್ಟ ಬೇರೆ ಬಗೆಯದು. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾನೂನು 1869ರದು. ಅದರ ಪ್ರಕಾರ ಗಂಡನು ಹೆಂಡತಿಯ ವ್ಯಭಿಚಾರವನ್ನು ಸಾಬೀತುಪಡಿಸಬೇಕಾಗಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ತೊರೆದುಹೋದುದನ್ನೋ ಸಹ ತೋರಿಸಬೇಕಾಗಿತ್ತು. ಅಂದರೆ ಒಬ್ಬರು ಇನ್ನೊಬ್ಬರ ಮೇಲೆ ಕೆಸರು ಎರಚದೆ ದಾರಿಯೇ ಇರಲಿಲ್ಲ, ಆ ಕೆಸರು ಮಕ್ಕಳ ಮೇಲೂ ಬೀಳುತ್ತಿತ್ತು. 2001ರ ತಿದ್ದುಪಡಿ ಗಂಡಹೆಂಡಿರಿಗೆ ಸಮಾನ ಕಾರಣಗಳನ್ನು ಕೊಟ್ಟಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ಸೇರಿಸಿತು. ವಿವಾಹದ ಬಗ್ಗೆ ಧರ್ಮಸಭೆಯ ಬೋಧನೆ ಇದರಿಂದ ಬದಲಾಗುವುದಿಲ್ಲ. ಆದರೂ ಕೆಸರೆರಚಾಟ ಕಡಿಮೆಯಾಗುವುದು ಮಕ್ಕಳ ಮಟ್ಟಿಗೆ ಒಳ್ಳೆಯದೇ.

ವಯಸ್ಸಿಗೆ ತಕ್ಕ ದುಃಖ

ಮಕ್ಕಳ ದುಃಖವು ದೊಡ್ಡವರ ದುಃಖದಂತೆ ಕಾಣುವುದಿಲ್ಲ. ಆದುದರಿಂದಲೇ ನಾವು ಅದನ್ನು ಹಠವೆಂದೋ ಸೋಮಾರಿತನವೆಂದೋ ತಪ್ಪಾಗಿ ತಿಳಿಯುತ್ತೇವೆ.

ಮೂರರಿಂದ ಐದು ವರ್ಷದ ಮಗು ಕಲಿತದ್ದನ್ನು ಮರೆತಂತೆ ವರ್ತಿಸುತ್ತದೆ. ನಿಲ್ಲಿಸಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ. ತಾಯಿಯ ಸೆರಗು ಬಿಡುವುದಿಲ್ಲ. ಅಪ್ಪ ಹೋದರು, ಅಮ್ಮನೂ ಹೋದರೆ ಎಂಬ ಭಯ ಅದಕ್ಕೆ. ಈ ವಯಸ್ಸಿನ ಮಗು ಲೋಕವೆಲ್ಲ ತನ್ನ ಸುತ್ತಲೇ ಇದೆ ಎಂದು ತಿಳಿದಿರುವುದರಿಂದ, ತಾನು ರಚ್ಚೆ ಹಿಡಿದದ್ದಕ್ಕೇ ಅಪ್ಪ ಹೋದರು ಎಂದೂ ನಂಬುತ್ತದೆ.

ಆರರಿಂದ ಎಂಟು ವರ್ಷದ ಮಗು ಬಹಿರಂಗವಾಗಿ ಅಳುತ್ತದೆ, ಹೋದವರಿಗಾಗಿ ಹಂಬಲಿಸುತ್ತದೆ. ತಾನು ಕಾಯಿಲೆ ಬಿದ್ದರೆ ಅಪ್ಪ ಬರುತ್ತಾರೆ, ಚೆನ್ನಾಗಿ ಓದಿದರೆ ಇಬ್ಬರೂ ಒಂದಾಗುತ್ತಾರೆ ಎಂದು ಲೆಕ್ಕ ಹಾಕುತ್ತದೆ. ಹೊಟ್ಟೆನೋವು ಎಂದು ಶಾಲೆಗೆ ಹೋಗದ ಮಗುವನ್ನು ಗದರುವ ಮೊದಲು ಇದನ್ನು ನೆನೆಯೋಣ. ಆ ನೋವು ಸುಳ್ಳಲ್ಲ.

ಒಂಬತ್ತರಿಂದ ಹನ್ನೆರಡರ ವಯಸ್ಸಿನಲ್ಲಿ ದುಃಖವು ಕೋಪದ ರೂಪ ತಾಳುತ್ತದೆ. ನ್ಯಾಯ ಅನ್ಯಾಯದ ಅರಿವು ಮೂಡುವ ಕಾಲವಿದು. ಮಗು ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರನ್ನು ಪೂರ್ತಿ ದೂರ ಮಾಡಬಹುದು. ಇಲ್ಲವೆ, ನಾನು ಹೇಳಿದ ಹುಡುಗನಂತೆ, ತಾನೇ ಮಧ್ಯಸ್ಥನಾಗಿ ಎಲ್ಲರನ್ನೂ ಸಮಾಧಾನಪಡಿಸಲು ಹೆಣಗಬಹುದು. ಅಂಥ ಮಗುವನ್ನು "ಎಷ್ಟು ಜಾಣ, ದೊಡ್ಡವರ ಹಾಗೆ ಇದ್ದಾನೆ" ಎಂದು ನಾವು ಹೊಗಳುತ್ತೇವೆ. ಒಂಬತ್ತು ವರ್ಷದವನು ದೊಡ್ಡವರ ಹಾಗೆ ಇರಬೇಕಾಗಿ ಬಂದರೆ ಅವನ ಬಾಲ್ಯವನ್ನು ಯಾರೋ ಕಿತ್ತುಕೊಂಡಿದ್ದಾರೆ ಎಂದೇ ಅರ್ಥ.

ಹದಿಹರೆಯದವರು ಮನೆಯಿಂದ ದೂರ ಉಳಿಯುತ್ತಾರೆ, ಗೆಳೆಯರ ಗುಂಪಿನಲ್ಲಿ ಆಸರೆ ಹುಡುಕುತ್ತಾರೆ. ಮದುವೆ ಎಂಬುದರಲ್ಲೇ ನಂಬಿಕೆ ಕಳೆದುಕೊಳ್ಳುವವರೂ ಉಂಟು. ಇವರ ಮೌನವನ್ನು ನೆಮ್ಮದಿಯೆಂದು ತಿಳಿಯಬಾರದು.

ಸಂಶೋಧಕರು ಕಂಡದ್ದು

ಅಮೆರಿಕದ ಜೂಡಿತ್ ವಾಲರ್‌ಸ್ಟೀನ್ ಎಂಬ ಮನಶ್ಶಾಸ್ತ್ರಜ್ಞೆ 1971ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಜಿಲ್ಲೆಯಲ್ಲಿ, ತಂದೆತಾಯಿ ಬೇರೆಯಾದ 60 ಕುಟುಂಬಗಳ 131 ಮಕ್ಕಳ ಅಧ್ಯಯನ ಆರಂಭಿಸಿದರು. ಅವರಲ್ಲಿ ಅನೇಕರನ್ನು 25 ವರ್ಷಗಳವರೆಗೂ ಭೇಟಿಯಾಗುತ್ತಾ ಬಂದರು. ವಿಚ್ಛೇದನದ ನೋವು ಒಂದೆರಡು ವರ್ಷಗಳಲ್ಲಿ ಮಾಯುವಂಥದ್ದಲ್ಲ, ಮಕ್ಕಳು ಬೆಳೆದು ತಾವೇ ಪ್ರೀತಿ, ಮದುವೆಯ ಹೊಸ್ತಿಲಿಗೆ ಬಂದಾಗ ಅದು ಮತ್ತೆ ಎದುರಾಗುತ್ತದೆ ಎಂಬುದು ಅವರು ಕಂಡ ಸತ್ಯ.

ಮೇವಿಸ್ ಹೆದರಿಂಗ್ಟನ್ ಎಂಬ ಇನ್ನೊಬ್ಬ ವಿದುಷಿ ಸುಮಾರು 1,400 ಕುಟುಂಬಗಳನ್ನು ದೀರ್ಘಕಾಲ ಗಮನಿಸಿ 2002ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ವಿಚ್ಛೇದನವಾದ ಮನೆಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 25 ಮಂದಿ ಗಂಭೀರ ತೊಂದರೆಗಳಿಗೆ ಒಳಗಾದರು. ಒಡೆಯದ ಮನೆಗಳಲ್ಲಿ ಈ ಸಂಖ್ಯೆ ಸುಮಾರು 10. ಅಂದರೆ ಅಪಾಯ ಎರಡು ಪಟ್ಟಿಗೂ ಹೆಚ್ಚು. ಅದೇ ವೇಳೆ, ನೂರರಲ್ಲಿ ಮುಕ್ಕಾಲು ಪಾಲು ಮಕ್ಕಳು ಕಾಲಕ್ರಮೇಣ ಚೇತರಿಸಿಕೊಂಡು ತಮ್ಮ ಬದುಕನ್ನು ಕಟ್ಟಿಕೊಂಡರು. ಅದು ಅಮೆರಿಕ, ನಮ್ಮದು ಬೇರೆ ಸಮಾಜ ನಿಜ. ಆದರೂ ಎರಡು ಮಾತು ನಮಗೂ ಸಲ್ಲುತ್ತವೆ. ಈ ಗಾಯವನ್ನು ಹಗುರವಾಗಿ ಕಾಣಬಾರದು. ಹಾಗೆಯೇ, ಇಂಥ ಮನೆಯ ಮಗು ಕೆಟ್ಟೇ ಹೋಗುತ್ತದೆ ಎಂದು ಹಣೆಪಟ್ಟಿಯನ್ನೂ ಹಚ್ಚಬಾರದು.

ಯಾವ ಮಕ್ಕಳು ಚೇತರಿಸಿಕೊಳ್ಳುತ್ತಾರೆ? ಬೇರೆಯಾದ ಮೇಲೂ ತಂದೆತಾಯಿಯ ಜಗಳ ಮುಂದುವರಿದರೆ ಮಗು ಮೇಲೇಳುವುದು ಕಷ್ಟ. ಜಗಳ ಶಾಂತವಾಗಿ, ಇಬ್ಬರ ಪ್ರೀತಿಯೂ ಸಿಕ್ಕಿ, ಊಟ, ಶಾಲೆ, ನಿದ್ದೆಗಳ ಕ್ರಮ ತಪ್ಪದಿದ್ದರೆ ಚೇತರಿಕೆ ಸುಲಭವಾಗುತ್ತದೆ. ಒಂದೇ ಸೂರಿನಡಿ ಪ್ರತಿದಿನ ಹೊಡೆದಾಡುವ ತಂದೆತಾಯಿಯ ಮಕ್ಕಳೂ ಇದೇ ಬಗೆಯಲ್ಲಿ ನರಳುತ್ತಾರೆ ಎಂಬುದನ್ನು ಮರೆಯದಿರೋಣ. ಮಕ್ಕಳಿಗಾಗಿ ಕೂಡಿ ಬಾಳುತ್ತೇವೆ ಎನ್ನುವವರು ಮಕ್ಕಳಿಗಾಗಿ ಜಗಳವನ್ನೂ ಬಿಡಬೇಕಾಗುತ್ತದೆ.

ನಮ್ಮೂರಿನ ಸಮೀಪದ ರಂಗನತಿಟ್ಟಿಗೆ ಹೋದವರು ಬಣ್ಣದ ಕೊಕ್ಕರೆಗಳನ್ನು ನೋಡಿರಬಹುದು. ಒಂದು ಹಕ್ಕಿ ಮೀನು ತರಲು ಹೋದಾಗ ಇನ್ನೊಂದು ಗೂಡಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ಬಿಸಿಲು ತಾಗದಂತೆ ನಿಲ್ಲುತ್ತದೆ. ಒಂದೇ ಗೂಡಿನಲ್ಲಿ ಬಾಳಲಾರದೆ ಹೋದ ತಂದೆತಾಯಿಗೂ ಮಗುವಿಗೆ ನೆರಳಾಗುವ ಈ ಕೆಲಸ ಉಳಿದೇ ಇರುತ್ತದೆ.

ಇಷ್ಮಾಯೇಲನ ಮೊರೆ

ಹಳೆಯ ಒಡಂಬಡಿಕೆಯ ಆದಿಕಾಂಡ 21ನೇ ಅಧ್ಯಾಯದಲ್ಲಿ ಒಡೆದ ಮನೆಯೊಂದರ ಕಥೆಯಿದೆ. ಸಾರಾಳ ಒತ್ತಾಯಕ್ಕೆ ಅಬ್ರಹಾಮನು ಹಾಗರಳನ್ನೂ ಆಕೆಯ ಮಗ ಇಷ್ಮಾಯೇಲನನ್ನೂ ಮನೆಯಿಂದ ಕಳುಹಿಸುತ್ತಾನೆ. ರೊಟ್ಟಿ ಮತ್ತು ಒಂದು ತಿತ್ತಿ ನೀರು, ಅಷ್ಟೇ ಅವರ ಪಾಲು. ಮರುಭೂಮಿಯಲ್ಲಿ ನೀರು ಮುಗಿಯುತ್ತದೆ. ಮಗ ಸಾಯುವುದನ್ನು ನೋಡಲಾರದೆ ತಾಯಿ ಅವನನ್ನು ಪೊದೆಯ ಕೆಳಗೆ ಬಿಟ್ಟು ದೂರ ಹೋಗಿ ಕುಳಿತು ಅಳುತ್ತಾಳೆ. ಅಲ್ಲಿ ದೇವರಿಗೆ ಕೇಳಿಸಿದ್ದು ಹುಡುಗನ ಕೂಗು ಎಂದು ಪವಿತ್ರ ಗ್ರಂಥ ಹೇಳುತ್ತದೆ. ಇಷ್ಮಾಯೇಲ್ ಎಂಬ ಹೆಸರಿನ ಅರ್ಥವೇ "ದೇವರು ಕೇಳುತ್ತಾರೆ" ಎಂದು. ದೇವರು ತಾಯಿಯ ಕಣ್ಣು ತೆರೆಸಿ ನೀರಿನ ಬಾವಿಯನ್ನು ತೋರಿಸುತ್ತಾರೆ, ಮಗುವಿನ ಕೈ ಹಿಡಿದು ಎತ್ತುವಂತೆ ಹೇಳುತ್ತಾರೆ. ಆ ಹುಡುಗನ ಸಂಗಡ ದೇವರಿದ್ದರು, ಅವನು ಬೆಳೆದನು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕು ಅಧ್ಯಾಯಗಳ ಮುಂದೆ ಅಬ್ರಹಾಮನು ತೀರಿಕೊಂಡಾಗ ಇಸಾಕ, ಇಷ್ಮಾಯೇಲ ಇಬ್ಬರೂ ಸೇರಿ ತಂದೆಯನ್ನು ಸಮಾಧಿ ಮಾಡುತ್ತಾರೆ. ಮನೆಯಿಂದ ಕಳುಹಿಸಲ್ಪಟ್ಟ ಮಗನೂ ತಂದೆಯ ಮಗನಾಗಿಯೇ ಉಳಿದಿದ್ದ. ತಂದೆತಾಯಿಯನ್ನು ಮನಸ್ಸಿನಿಂದ ಅಳಿಸಲು ಯಾವ ಮಗುವಿನಿಂದಲೂ ಆಗದು. ಅಳಿಸು ಎಂದು ಕೇಳುವುದು ಪಾಪ.

ತಂದೆತಾಯಿಗೆ ಕೆಲವು ಮಾತು

1. ಮಗುವಿಗೆ ನಿಜ ಹೇಳಿರಿ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕುಳಿತು, ವಯಸ್ಸಿಗೆ ತಕ್ಕಷ್ಟು ಹೇಳಿರಿ. "ಅಪ್ಪ ದುಬೈಗೆ ಹೋಗಿದ್ದಾರೆ" ಎಂಬ ಸುಳ್ಳು ಶಾಲೆಯ ಅಂಗಳದಲ್ಲಿ ಒಂದು ದಿನ ಬಯಲಾಗುತ್ತದೆ.

2. "ಇದು ನಿನ್ನಿಂದ ಆದದ್ದಲ್ಲ, ಇದನ್ನು ಸರಿಮಾಡುವ ಕೆಲಸವೂ ನಿನ್ನದಲ್ಲ" ಎಂದು ಬಾಯಿಬಿಟ್ಟು ಹೇಳಿರಿ. ಒಮ್ಮೆ ಹೇಳಿದರೆ ಸಾಲದು, ಮತ್ತೆ ಮತ್ತೆ ಹೇಳಬೇಕು.

3. ಮಗುವನ್ನು ಅಂಚೆಯವನನ್ನಾಗಿ ಮಾಡಬೇಡಿರಿ. ಫೀಸಿನ ಹಣ, ಜೀವನಾಂಶ, ಕೋರ್ಟಿನ ತಾರೀಕು ಇವನ್ನು ನೀವೇ ಮಾತಾಡಿರಿ, ಇಲ್ಲವೆ ಹಿರಿಯರೊಬ್ಬರ ಮೂಲಕ ತಿಳಿಸಿರಿ.

4. ಮಗುವನ್ನು ಗೂಢಚಾರನನ್ನಾಗಿ ಮಾಡಬೇಡಿರಿ. ಅಪ್ಪನ ಮನೆಯಿಂದ ಬಂದ ಕೂಡಲೇ "ಅಲ್ಲಿ ಯಾರಿದ್ದರು, ಏನು ಅಂದರು?" ಎಂಬ ವಿಚಾರಣೆ ಬೇಡ. "ಊಟ ಆಯ್ತಾ ಕಂದಾ?" ಎಂಬುದು ಸಾಕು.

5. ಮಗುವಿನ ಎದುರು ಇನ್ನೊಬ್ಬರನ್ನು ಹಳಿಯಬೇಡಿರಿ. ತನ್ನಲ್ಲಿ ಅರ್ಧ ಅಪ್ಪ, ಅರ್ಧ ಅಮ್ಮ ಎಂದು ಮಗುವಿಗೆ ಗೊತ್ತು. "ನೀನೂ ನಿಮ್ಮಪ್ಪನ ಹಂಗೇ" ಎಂಬ ಬೈಗುಳ ಆ ಅರ್ಧವನ್ನೇ ಇರಿಯುತ್ತದೆ.

6. ಬರುತ್ತೇನೆ ಎಂದ ದಿನ ಬನ್ನಿರಿ. ಭಾನುವಾರ ಬೆಳಿಗ್ಗೆಯಿಂದ ಬಸ್ ನಿಲ್ದಾಣದ ಕಡೆ ನೋಡುತ್ತಾ ಕುಳಿತ ಮಗುವಿಗೆ ಬಾರದ ಅಪ್ಪ ಕೊಡುವ ಪೆಟ್ಟು ದೊಡ್ಡದು. ಬರಲಾಗದಿದ್ದರೆ ಫೋನ್ ಮಾಡಿ ಮಗುವಿಗೇ ಹೇಳಿರಿ.

ಇಲ್ಲಿ ಒಂದು ಎಚ್ಚರಿಕೆ. ಹೊಡೆತ, ಕುಡಿತದ ಕ್ರೌರ್ಯ, ಮಕ್ಕಳ ಮೈಮುಟ್ಟುವ ದುಷ್ಟತನ ಇರುವ ಕಡೆ ಈ ಮಾತುಗಳಿಗಿಂತ ಮೊದಲು ಮಗುವಿನ ರಕ್ಷಣೆ. ಅಂಥ ಮನೆಯಲ್ಲಿ ತಾಳಿಕೊಂಡು ಇರು ಎಂದು ಯಾರಿಗೂ ಉಪದೇಶಿಸಬೇಡಿರಿ. ದೈಹಿಕ ಅಥವಾ ಆತ್ಮಿಕ ಅಪಾಯವಿದ್ದಾಗ ಬೇರೆಯಾಗಿ ಬಾಳಲು ಧರ್ಮಸಭೆಯ ಕಾನೂನಿನ 1153ನೇ ನಿಯಮವೇ ಅವಕಾಶ ಕೊಡುತ್ತದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಉಚಿತ ದೂರವಾಣಿ ಇದೆ. ಮನಸ್ಸಿನ ನೋವಿಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಧರ್ಮಸಭೆಯ ನಿಲುವು

ನಮ್ಮ ಜನರಲ್ಲಿ ಕೆಲವು ತಪ್ಪು ತಿಳಿವಳಿಕೆಗಳಿವೆ. ಅವುಗಳಿಂದ ಮಕ್ಕಳಿಗೂ ನೋವಾಗುತ್ತದೆ.

ಮೊದಲನೆಯದು, ಬೇರೆಯಾಗಿ ಬಾಳುವವರು ಧರ್ಮಸಭೆಯಿಂದ ಹೊರಗಾದವರು ಎಂಬುದು. ಇದು ತಪ್ಪು. ಸಂತ ಎರಡನೇ ಜಾನ್ ಪಾಲರು 1981ರ ತಮ್ಮ ಕುಟುಂಬ ಕುರಿತ ಪ್ರೇರಣಾ ಪತ್ರದಲ್ಲಿ, ಬೇರೆಯಾದವರಿಗೆ, ವಿಶೇಷವಾಗಿ ತಪ್ಪಿಲ್ಲದೆ ತೊರೆಯಲ್ಪಟ್ಟವರಿಗೆ, ಸಮುದಾಯವು ಹೆಚ್ಚಿನ ಆಸರೆ ನೀಡಬೇಕೆಂದು ಬೋಧಿಸಿದರು. ಪೋಪ್ ಫ್ರಾನ್ಸಿಸರು 2016ರ ತಮ್ಮ ಪತ್ರದಲ್ಲಿ, ಬೇರೆಯಾದ ತಂದೆತಾಯಿ ಮಗುವನ್ನು ಎಂದೂ ಒತ್ತೆಯಾಳಾಗಿ ಬಳಸಬಾರದೆಂದು ಕಟುವಾಗಿಯೇ ಎಚ್ಚರಿಸಿದರು.

ಎರಡನೆಯದು, ಧರ್ಮಸಭೆಯ ನ್ಯಾಯಪೀಠವು ವಿವಾಹವನ್ನು ಅಸಿಂಧುವೆಂದು ಘೋಷಿಸಿದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆ ಎಂಬ ಭಯ. ಹಾಗಾಗುವುದಿಲ್ಲ. ಸಿಂಧುವೆಂದು ಸದ್ಭಾವನೆಯಿಂದ ನಂಬಿ ಮಾಡಿಕೊಂಡ ವಿವಾಹದ ಮಕ್ಕಳೂ ಸಕ್ರಮ ಮಕ್ಕಳೇ ಎಂದು 1137ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ತಂದೆತಾಯಿ ಬೇರೆಯಾದರೂ ಮಕ್ಕಳ ಪೋಷಣೆಗೆ ಮತ್ತು ಶಿಕ್ಷಣಕ್ಕೆ ತಕ್ಕ ಏರ್ಪಾಡು ಆಗಲೇಬೇಕೆಂದು 1154ನೇ ನಿಯಮ ವಿಧಿಸುತ್ತದೆ.

ಮೂರನೆಯದು, ನ್ಯಾಯಪೀಠದ ತೀರ್ಪು ಸಿಕ್ಕರೆ ಸರ್ಕಾರದ ಕಾನೂನಿನಲ್ಲೂ ವಿವಾಹ ಮುಗಿಯಿತು ಎಂಬ ಭಾವನೆ. ಇದನ್ನು ಸುಪ್ರೀಂ ಕೋರ್ಟ್ 1996ರಲ್ಲೇ ತಳ್ಳಿಹಾಕಿತು. ಧರ್ಮಸಭೆಯ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡದ ಕಥೋಲಿಕ ಮುಖಂಡರಾದ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಮಕ್ಕಳ ಪಾಲನೆ, ಜೀವನಾಂಶಗಳ ಆಜ್ಞೆಗೆ ಸರ್ಕಾರದ ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿ 1890ರ ಪೋಷಕರು ಮತ್ತು ಪೋಷಿತರ ಕಾಯಿದೆಯ ಪ್ರಕಾರ ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಅವರು ಪರಿಗಣಿಸಬಹುದು. 1984ರ ಕಾಯಿದೆಯಂತೆ ರಚಿತವಾದ ಕೌಟುಂಬಿಕ ನ್ಯಾಯಾಲಯಗಳು ಮೊದಲು ರಾಜಿಗೆ ಪ್ರಯತ್ನಿಸಬೇಕು. ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಗುಟ್ಟಾಗಿ ನಡೆಯಬೇಕು. ಈ ಹಕ್ಕನ್ನು ಮಗುವಿಗಾಗಿ ಬಳಸಿಕೊಳ್ಳಿರಿ.

ನಾವೇನು ಮಾಡಬಹುದು?

ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಜ್ಞಾನತಂದೆ, ಜ್ಞಾನತಾಯಿಯರಿಗೆ ಇದು ತಮ್ಮ ಮಾತನ್ನು ಉಳಿಸಿಕೊಳ್ಳುವ ಸಮಯ. ತಿಂಗಳಿಗೊಮ್ಮೆ ಮಗುವನ್ನು ಕಂಡು ಬನ್ನಿರಿ. ಅಜ್ಜಿ, ತಾತ, ಸೋದರಮಾವ, ಚಿಕ್ಕಪ್ಪಂದಿರೇ, ನಿಮ್ಮ ಮನೆ ಮಗುವಿಗೆ ಜಗಳವಿಲ್ಲದ ಜಾಗವಾಗಲಿ. ಧರ್ಮೋಪದೇಶದ ಶಿಕ್ಷಕರೇ, "ಅಪ್ಪ ಅಮ್ಮ ಇಬ್ಬರನ್ನೂ ಕರ್ಕೊಂಡು ಬಾ" ಎಂದು ಎಲ್ಲರ ಮುಂದೆ ಕೂಗಿ ಹೇಳಬೇಡಿರಿ. ನೆರೆಯವರೇ, ಹೊಲದ ಬದುವಿನಲ್ಲಿ, ನಲ್ಲಿಯ ಹತ್ತಿರ "ಗಂಡ ಬಿಟ್ಟವಳ ಮಗ" ಎನ್ನುವ ನಿಮ್ಮ ಮಾತು ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ. ಗುರುಗಳಾದ ನಾವು ಗದರುವ ಮುನ್ನ ಕೇಳಿಸಿಕೊಳ್ಳಬೇಕು.

ಆ ಹುಡುಗನ ವಿಷಯ ಏನಾಯಿತೆಂದು ಕೇಳುವಿರಿ. ನಾನು ಮೊದಲು ಅವನ ಬಳಿ ಹೋಗಿ, ಗದರಿದ್ದು ನನ್ನ ತಪ್ಪು ಎಂದು ಹೇಳಿದೆ. ಅನಂತರ ಅವನ ತಾಯಿಯನ್ನೂ ತಂದೆಯನ್ನೂ ಬೇರೆ ಬೇರೆಯಾಗಿ ಕಂಡೆ. ಇಬ್ಬರೂ ತಮ್ಮ ತಮ್ಮ ನ್ಯಾಯವನ್ನು ಬಹಳ ಹೊತ್ತು ಹೇಳಿದರು. ಮಗ ಪರಮಪ್ರಸಾದ ಬೇಡವೆಂದ ಕಾರಣವನ್ನು ತಿಳಿಸಿದಾಗ ಇಬ್ಬರೂ ಸುಮ್ಮನಾದರು. ದೇವಾಲಯದ ಆವರಣದಲ್ಲಿ ಮನೆಯ ವಿಷಯ ಎತ್ತುವುದಿಲ್ಲವೆಂದು ಒಪ್ಪಿದರು. ಆ ದಿನ ತಾಯಿ ಎಡಗಡೆಯ ಸಾಲಿನಲ್ಲಿ, ತಂದೆ ಬಲಗಡೆಯ ಸಾಲಿನಲ್ಲಿ ಕುಳಿತಿದ್ದರು. ಹುಡುಗ ಪರಮಪ್ರಸಾದ ಸ್ವೀಕರಿಸಿ ತಿರುಗಿದಾಗ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ನೋಡಿದ. ಇಬ್ಬರೂ ಅಲ್ಲೇ ಇದ್ದರು. ಬಲಿಪೂಜೆಯ ನಂತರ ಒಬ್ಬೊಬ್ಬರ ಜೊತೆ ಒಂದೊಂದು ಫೋಟೋ ತೆಗೆಸಿಕೊಂಡ.

ಅವರಿಬ್ಬರು ಮತ್ತೆ ಒಂದಾಗಲಿಲ್ಲ. ಒಂದಾಗಲೆಂದು ನಾನು ಇಂದಿಗೂ ಪ್ರಾರ್ಥಿಸುತ್ತೇನೆ. ಆದರೆ ಆ ಮಗು ತನ್ನದಲ್ಲದ ಒಂದು ಹೊರೆಯನ್ನು ಅಂದು ದೇವಾಲಯದ ಬಾಗಿಲಲ್ಲಿ ಇಳಿಸಿ ಒಳಗೆ ಬಂದಿತ್ತು. ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಯೇಸುಸ್ವಾಮಿ, ನಡುವೆ ನಿಂತ ಇಂಥ ಎಲ್ಲ ಮಕ್ಕಳನ್ನೂ ಹರಸಲಿ. ಅವರನ್ನು ತಡೆಯುವ ಕೈ ನಮ್ಮದಾಗದಿರಲಿ.

ಮನೆಯಲ್ಲಿ ಚಿಂತನೆಗೆ

1. ಸಂತ ಮಾರ್ಕ 10: 1-16ನ್ನು ಮನೆಮಂದಿಯೆಲ್ಲ ಕುಳಿತು ಓದಿರಿ. ಶಿಷ್ಯರು ಮಕ್ಕಳನ್ನು ಏಕೆ ತಡೆದರು? ನಾವು ಯಾವಾಗ ಹಾಗೆ ಮಾಡುತ್ತೇವೆ?

2. ನಮ್ಮ ಜಗಳಗಳಲ್ಲಿ ಮಕ್ಕಳನ್ನು ಸಾಕ್ಷಿಯಾಗಿ, ದೂತರಾಗಿ ಬಳಸಿದ್ದುಂಟೆ? ಅದಕ್ಕಾಗಿ ಅವರಲ್ಲಿ ಕ್ಷಮೆ ಕೇಳಿದ್ದೇವೆಯೆ?

3. ನಮ್ಮ ಬೀದಿಯಲ್ಲಿ ಅಪ್ಪ ಅಥವಾ ಅಮ್ಮನಿಂದ ದೂರವಾಗಿ ಬೆಳೆಯುತ್ತಿರುವ ಮಗು ಯಾರು? ಈ ತಿಂಗಳು ಆ ಮಗುವಿಗಾಗಿ ನಾವು ಮಾಡಬಹುದಾದ ಒಂದು ಕೆಲಸ ಯಾವುದು?